ಸೋರಿಕೆ ಪುಸ್ತಕದಲ್ಲಿ ಎಂಟು ತಿಂಗಳಿಂದ 'ನಿಲ್', ಮರದ ಹೊಟ್ಟು ಮಾತ್ರ ತಿಂಗಳಿಗೆ ಆರು ಮೂಟೆ

ಬಿ_ಶಿಫ್ಟ್_ಪೀಣ್ಯ
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಎರಡನೇ ಶಿಫ್ಟ್ ಸೂಪರ್‌ವೈಸರ್ ನಾನು. ಸೇರಿ ನಾಲ್ಕು ತಿಂಗಳಾಯಿತು. ಪ್ರೆಸ್ ಲೈನ್, ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್), ಹಿಂದುಗಡೆ ಲೋಹಕ್ಕೆ ಲೇಪ ಕೊಡುವ ಸಣ್ಣದೊಂದು ಪ್ಲೇಟಿಂಗ್ ಸೆಕ್ಷನ್. ಹೈಡ್ರಾಲಿಕ್ ಎಣ್ಣೆ, ಕೂಲೆಂಟ್ (ಮೆಷಿನ್ ತಣಿಸುವ ದ್ರವ), ಆಸಿಡ್ ಎಲ್ಲ ಇದೆ.

ನಮ್ಮಲ್ಲಿ ಸೋರಿಕೆ ಬರೆಯಲು ಒಂದು ಪುಸ್ತಕವಿದೆ. ಹಸಿರು ರಟ್ಟಿನದು. ದಿನಾಂಕ, ಸಮಯ, ಜಾಗ, ಏನು ಚೆಲ್ಲಿತು, ಎಷ್ಟು, ಕಾರಣ, ಸಹಿ ಅಂತ ಅಚ್ಚುಕಟ್ಟಾಗಿ ಗೆರೆ ಹೊಡೆದಿದ್ದಾರೆ. ತೆರೆದು ನೋಡಿದರೆ ಎಂಟು ತಿಂಗಳಿಂದ ಒಂದು ಸೋರಿಕೆಯೂ ಇಲ್ಲ. ತಿಂಗಳ ಕೊನೆಗೆ 'ನಿಲ್', ಅಂದರೆ ಏನೂ ಇಲ್ಲ, ಎಂದು ಬರೆದು ಸಹಿ. ಕೊನೆಯ ಮೂರು ನಿಲ್‌ಗಳ ಕೆಳಗೆ ನನ್ನ ಸಹಿಯೂ ಇದೆ, ಸುಳ್ಳೇಕೆ ಹೇಳಲಿ.

ಮೊನ್ನೆ ಬೇರೆ ಕೆಲಸಕ್ಕೆ ಸ್ಟೋರ್‌ನ ಇಶ್ಯೂ ಸ್ಲಿಪ್ ತಿರುವಿ ಹಾಕುತ್ತಿದ್ದೆ. ಚೆಲ್ಲಿದ್ದನ್ನು ಹೀರಲು ಹಾಕುವ ಮರದ ಹೊಟ್ಟು ತಿಂಗಳಿಗೆ ಆರು ಮೂಟೆ ಹೋಗಿದೆ. ಕಾಟನ್ ವೇಸ್ಟ್ ಬೇರೆ. ನೆಲ ಒಣಗೇ ಇದ್ದರೆ ಇಷ್ಟು ಹೊಟ್ಟನ್ನು ಯಾರು ತಿಂದರು?

ಹೋದ ತಿಂಗಳು ಮೂರನೇ ಪ್ರೆಸ್ ಹತ್ತಿರ ಒಬ್ಬ ಕಾಂಟ್ರ್ಯಾಕ್ಟ್ ಹುಡುಗ ಎಣ್ಣೆಯ ಮೇಲೆ ಜಾರಿ ಬಿದ್ದ. ಮಣಿಕಟ್ಟು ಮುರಿಯಿತು. ಮೀಟಿಂಗ್‌ನಲ್ಲಿ ಸಾಹೇಬರು "ಅಲ್ಲಿ ಎಣ್ಣೆ ಇದೆ ಅಂತ ಮೊದಲೇ ಯಾಕೆ ಯಾರೂ ಹೇಳಲಿಲ್ಲ?" ಎಂದು ಕೇಳಿದರು. ಎಲ್ಲರೂ ನಮ್ಮ ನಮ್ಮ ಶೂ ನೋಡಿಕೊಂಡು ನಿಂತೆವು. ಗೊತ್ತಿಲ್ಲದವರು ಯಾರೂ ಇರಲಿಲ್ಲ. ಕೊನೆಗೆ ಅಪಘಾತದ ಪುಸ್ತಕದಲ್ಲಿ ಕಾರಣದ ಕಾಲಂನಲ್ಲಿ ಬರೆದದ್ದು 'ಕಾರ್ಮಿಕನ ಅಜಾಗರೂಕತೆ'.

ಈ ಪುಸ್ತಕವನ್ನು ನಿಜಕ್ಕೂ ಬರೆಯುವಂತೆ ಮಾಡುವುದು ಹೇಗೆ? ನಿಮ್ಮಲ್ಲಿ ಯಾರಾದರೂ ಮಾಡಿದ್ದೀರಾ?

ಗ್ರೀಸ್‌ಕೈ
ನಮ್ಮಲ್ಲಿ ಬರೆದವನಿಗೇ ಮೆಮೊ ಬಂತು. ಅವತ್ತಿನಿಂದ ನಿಲ್. ಮುಗೀತು ಕಥೆ.

ನಿವೃತ್ತ_ಸೇಫ್ಟಿ
ಮಂಗಳೂರಿನ ಬೈಕಂಪಾಡಿಯಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ನಿಮ್ಮ ಹೊಟ್ಟಿನ ಲೆಕ್ಕ. ಬಹಳ ಒಳ್ಳೆಯದನ್ನು ಹಿಡಿದಿದ್ದೀರಿ. ನಾನು ಹೊಸ ಪ್ಲಾಂಟಿಗೆ ಹೋದರೆ ಸೋರಿಕೆ ಪುಸ್ತಕ ಕೇಳುತ್ತಲೇ ಇರಲಿಲ್ಲ. ಸ್ಟೋರ್‌ಗೆ ಹೋಗಿ ಎಣ್ಣೆ ಎಷ್ಟು ಟಾಪ್‌ಅಪ್ ಆಗಿದೆ ಎಂದು ನೋಡುತ್ತಿದ್ದೆ. ಪ್ರೆಸ್‌ನ ಹೈಡ್ರಾಲಿಕ್ ಎಣ್ಣೆ ಉರಿದು ಹೋಗುವುದಿಲ್ಲ, ಆವಿಯಾಗುವುದೂ ಇಲ್ಲ. ತಿಂಗಳಿಗೆ 60 ಲೀಟರ್ ಹಾಕಿದ್ದರೆ 60 ಲೀಟರ್ ಎಲ್ಲೋ ಹೊರಗೆ ಹೋಗಿದೆ. ಮ್ಯಾನೇಜರ್ ಹತ್ತಿರ ಜಗಳ ಬೇಡ. ಆ ಲೆಕ್ಕದ ಹಾಳೆ ಮುಂದಿಟ್ಟರೆ ಸಾಕು.

ಒಂದು ಹನಿ ಅಲ್ವಾ ಅಂತ ಬಿಡುತ್ತಾರೆ. ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಹನಿ. ಸುಮಾರು 20 ಹನಿ ಸೇರಿದರೆ ಒಂದು ಎಂಎಲ್. ದಿನಕ್ಕೆ 86,400 ಸೆಕೆಂಡ್. ನಾಲ್ಕು ಲೀಟರ್ ದಾಟುತ್ತದೆ. ತಿಂಗಳಿಗೆ 130 ಲೀಟರ್ ಹತ್ತಿರ, ಅಂದರೆ ಅರ್ಧ ಬ್ಯಾರೆಲ್‌ಗಿಂತ ಜಾಸ್ತಿ. ಎಣ್ಣೆಯ ಹನಿ ನೀರಿನದಕ್ಕಿಂತ ಚಿಕ್ಕದು, ಅದಕ್ಕೆ ಸ್ವಲ್ಪ ಕಳೆಯಿರಿ. ಆದರೂ ಅದು 'ಒಂದು ಹನಿ' ಅಲ್ಲ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಗಾಯವಾಗಿ 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು ಎಂದಿದೆ. ಯಾರಿಗೂ ಗಾಯವಾಗದಿದ್ದರೂ ಕೆಲವು ಅಪಾಯದ ಘಟನೆಗಳನ್ನು ತಿಳಿಸಬೇಕು ಎಂದೂ ಇದೆ. ಇವೆಲ್ಲ ದೊಡ್ಡದಕ್ಕೆ. ಅರ್ಧ ಬಕೆಟ್ ಎಣ್ಣೆ ಚೆಲ್ಲಿದ್ದನ್ನು ಸರ್ಕಾರ ಕೇಳುವುದಿಲ್ಲ. ಅದು ನಮಗೇ ಬೇಕಾದ ಲೆಕ್ಕ. ಕಾನೂನಿಗೆ ಅಂತ ಬರೆಯುವ ಪುಸ್ತಕ ಬೇರೆ, ಕಲಿಯಲು ಬರೆಯುವ ಪುಸ್ತಕ ಬೇರೆ. ನಮ್ಮವರು ಎರಡನ್ನೂ ಒಂದೇ ರಟ್ಟಿನೊಳಗೆ ಹಾಕುತ್ತಾರೆ. ಆಮೇಲೆ ಇನ್ಸ್‌ಪೆಕ್ಟರ್ ನೋಡುತ್ತಾರೆ ಅಂತ ಹೆದರಿ ಎರಡರಲ್ಲೂ ನಿಲ್.

ದೊಡ್ಡದು ಯಾವತ್ತೂ ಹೇಳದೇ ಬರುವುದಿಲ್ಲ. ಭೋಪಾಲ್ ಅನಿಲ ದುರಂತ ಎಲ್ಲರಿಗೂ ಗೊತ್ತು, 1984ರ ಡಿಸೆಂಬರ್ 2ರ ರಾತ್ರಿ. ಅದೇ ಕಾರ್ಖಾನೆಯಲ್ಲಿ 1981ರ ಡಿಸೆಂಬರ್‌ನಲ್ಲಿ ಫಾಸ್ಜೀನ್ ಎಂಬ ವಿಷಾನಿಲ ತಗುಲಿ ಒಬ್ಬ ಕಾರ್ಮಿಕ ಸತ್ತಿದ್ದ. 1982ರಲ್ಲಿ ಅಮೆರಿಕದಿಂದ ಬಂದ ಕಂಪನಿಯದೇ ತಂಡ ಪರಿಶೀಲಿಸಿ, ಸರಿಯಿಲ್ಲದ್ದನ್ನು ಬರೆದು ಕೊಟ್ಟಿತ್ತು. ಭೋಪಾಲಿನ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ಪತ್ರಿಕೆಯಲ್ಲಿ ಎಚ್ಚರಿಸಿದ್ದೂ 1982ರಲ್ಲೇ. ಅಂದರೆ ಅಲ್ಲಿ ಬರೆದಿರಲಿಲ್ಲ ಅಂತಲ್ಲ. ಬರೆದದ್ದು ಕಾಗದದಲ್ಲೇ ಉಳಿಯಿತು.

ಆಡಿಟ್_ಬೇಸತ್ತವ
ಸರ್, ಗೌರವದಿಂದಲೇ ಹೇಳುತ್ತೇನೆ. ಪ್ರೆಸ್ ಎಣ್ಣೆಗೂ ಭೋಪಾಲಿಗೂ ಏನು ಸಂಬಂಧ? ಇಂಥ ಉದಾಹರಣೆ ಕೊಟ್ಟರೆ ಶಾಪ್‌ಫ್ಲೋರ್‌ನಲ್ಲಿ ನಗುತ್ತಾರೆ. ಪ್ರತಿ ಟ್ರೈನಿಂಗ್‌ನಲ್ಲೂ ಒಂದು ತ್ರಿಕೋನ ತೋರಿಸುತ್ತಾರೆ, ಗಾಯವಾಗದ 300 ಘಟನೆಗೆ 29 ಸಣ್ಣ ಗಾಯ, 1 ದೊಡ್ಡದು ಅಂತ. 1931ರಲ್ಲಿ ಅಮೆರಿಕದ ಸುರಕ್ಷತಾ ತಜ್ಞ ಹೈನ್ರಿಕ್ ಹೇಳಿದ್ದು. ಎಣ್ಣೆ ಒರೆಸಿದರೆ ಸ್ಫೋಟ ನಿಂತುಹೋಗುತ್ತದಾ?

ನಿವೃತ್ತ_ಸೇಫ್ಟಿ
ನಿಮ್ಮ ಮಾತು ಅರ್ಧ ಸರಿ. ಆ ತ್ರಿಕೋನವನ್ನು ನಾನೂ ನಂಬುವುದಿಲ್ಲ. ಕಾಲು ಜಾರುವ ಕಾರಣಗಳೇ ಬೇರೆ, ಟ್ಯಾಂಕ್ ಉಕ್ಕುವ ಕಾರಣಗಳೇ ಬೇರೆ. ಒಂದನ್ನು ಎಣಿಸಿದರೆ ಇನ್ನೊಂದು ತಿಳಿಯುವುದಿಲ್ಲ.

ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ರಿಫೈನರಿಯನ್ನೇ ನೋಡಿ. 2005ರ ಮಾರ್ಚ್ 23ರಂದು ಒಂದು ಗೋಪುರ ತುಂಬಿ ಉಕ್ಕಿತು. ಚಿಮಣಿಯಿಂದ ಪೆಟ್ರೋಲಿನಂಥ ದ್ರವ ಕಾರಂಜಿಯಂತೆ ಹಾರಿ ಬೆಂಕಿ ಹತ್ತಿಕೊಂಡಿತು. 15 ಜನ ಸತ್ತರು. ಅಲ್ಲಿ ಜಾರಿ ಬಿದ್ದವರ, ಕೈ ಕೊಯ್ದುಕೊಂಡವರ ಅಂಕಿ ಚೆನ್ನಾಗಿಯೇ ಇಳಿದಿತ್ತು. ಆದರೆ ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಅದೇ ಚಿಮಣಿಯಿಂದ ಉರಿಯುವ ಆವಿ ಹೊರಬಂದದ್ದು ಎಂಟು ಸಲ. ಅದನ್ನು ಸರಿಮಾಡಲಿಲ್ಲ.

ಅದಕ್ಕೇ ಎಷ್ಟು ಸೋರಿತು ಅನ್ನುವುದಕ್ಕಿಂತ ಎಲ್ಲಿಂದ ಸೋರಿತು, ಎಷ್ಟನೇ ಸಲ ಸೋರಿತು ಎಂಬುದು ನನಗೆ ಮುಖ್ಯ. ಇವರ ಮೂರನೇ ಪ್ರೆಸ್ ಎಣ್ಣೆಯಿಂದ ಪೀಣ್ಯ ಹಾರಿಹೋಗುವುದಿಲ್ಲ, ಒಪ್ಪಿದೆ. ಪ್ಲೇಟಿಂಗ್ ಸೆಕ್ಷನ್‌ನ ಆಸಿಡ್ ಲೈನ್ ಎಷ್ಟು ಸಲ ತೊಟ್ಟಿಕ್ಕಿತು ಎಂದು ಇವರಿಗೆ ಗೊತ್ತಾ?

ಬಿ_ಶಿಫ್ಟ್_ಪೀಣ್ಯ
ಗೊತ್ತಿಲ್ಲ ಸರ್. ನಾಳೆ ಕೇಳುತ್ತೇನೆ.

ಹಾಲಿನಮನೆ
ಮಂಡ್ಯ ಕಡೆಯ ಡೈರಿಯಲ್ಲಿ ಸಿಐಪಿ ನೋಡಿಕೊಳ್ಳುತ್ತೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹಾಲಿನ ಪೈಪು, ಟ್ಯಾಂಕುಗಳನ್ನು ಬಿಚ್ಚದೆ ಒಳಗಿಂದಲೇ ತೊಳೆಯುವುದು. ಮೊದಲು ಬಿಸಿ ಕಾಸ್ಟಿಕ್ ಸೋಡಾ, ಆಮೇಲೆ ನೈಟ್ರಿಕ್ ಆಸಿಡ್. ಹಾಲಿನ ಊರಲ್ಲಿ ಆಸಿಡ್ ಇದೆ ಅಂತ ಹೊರಗಿನವರು ನಂಬುವುದೇ ಇಲ್ಲ!

ನಮ್ಮ ಕಥೆ. ಕಾಸ್ಟಿಕ್ ಲೈನ್‌ನ ಹೋಸ್ ಕಪ್ಲಿಂಗ್ (ಪೈಪು ಜೋಡಿಸುವ ಜಾಗ) ಹತ್ತಿರ ಆಗಾಗ ನೆಲ ಒದ್ದೆ. ಕಾಸ್ಟಿಕ್ ನೀರಿನ ಹಾಗೇ ಕಾಣುತ್ತದೆ. ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಎಲ್ಲರೂ ನೀರು ಅಂತಲೇ ಪೈಪ್ ಹಿಡಿದು ತೊಳೆದು ಬಿಡುತ್ತಿದ್ದರು. ಮೂರು ಶಿಫ್ಟ್‌ನಲ್ಲಿ ಮೂವರು ತೊಳೆದಿದ್ದಾರೆ, ಒಬ್ಬನಿಗೆ ಇನ್ನೊಬ್ಬ ತೊಳೆದದ್ದು ಗೊತ್ತಿಲ್ಲ. ಪ್ರತಿಯೊಬ್ಬನಿಗೂ 'ಇವತ್ತೊಂದು ಸಲ'. ಒಂದು ದಿನ ಗಮ್‌ಬೂಟ್ ಹಾಕದ ಹುಡುಗನ ಪಾದ ಸುಟ್ಟಿತು.

ಆಮೇಲೆ ಕಪ್ಲಿಂಗ್ ಪಕ್ಕದ ಗೋಡೆಗೇ ಒಂದು ಹಾಳೆ ಅಂಟಿಸಿದೆವು. ಒದ್ದೆ ಕಂಡರೆ ಒಂದು ಗೆರೆ ಎಳಿ, ಅಷ್ಟೇ. ಹೆಸರಿಲ್ಲ, ಸಹಿ ಇಲ್ಲ. ಪಕ್ಕದಲ್ಲಿ ಪಿಎಚ್ ಕಾಗದದ ಡಬ್ಬಿ. ನೀಲಿ ಬಂದರೆ ಅದು ಕಾಸ್ಟಿಕ್, ಗೆರೆಗೆ ಸುತ್ತು ಹಾಕು. ಹತ್ತು ದಿನದಲ್ಲಿ 14 ಗೆರೆ, 9 ಸುತ್ತು. ಗ್ಯಾಸ್ಕೆಟ್ ಬಿಚ್ಚಿದರೆ ತಪ್ಪು ರಬ್ಬರ್ ಹಾಕಿದ್ದರು. ಬಿಸಿ ಕಾಸ್ಟಿಕ್ಕಿಗೆ ತಡೆಯುವಂಥದ್ದಲ್ಲ ಅದು.

ಇನ್ನೊಂದು, ಮರದ ಹೊಟ್ಟು ಅಂದಿರಲ್ಲ. ಪ್ಲೇಟಿಂಗ್‌ನಲ್ಲಿ ನೈಟ್ರಿಕ್ ಇದ್ದರೆ ಅದರ ಮೇಲೆ ಹೊಟ್ಟು ಹಾಕಲೇಬೇಡಿ. ಬಟ್ಟೆ, ಕಾಟನ್ ವೇಸ್ಟ್ ಕೂಡ ಬೇಡ. ಗಟ್ಟಿ ನೈಟ್ರಿಕ್ ಮರದ ಪುಡಿಗೆ ಸೇರಿದರೆ ಬಿಸಿಯೇರಿ ಕಂದು ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ಒಣ ಮರಳು ಇಟ್ಟುಕೊಳ್ಳಿ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಬಿ_ಶಿಫ್ಟ್_ಪೀಣ್ಯ
ಅಯ್ಯೋ. ನಮ್ಮಲ್ಲಿ ಎಲ್ಲದಕ್ಕೂ ಒಂದೇ ಮೂಟೆ. ಇವತ್ತೇ ಪ್ಲೇಟಿಂಗ್‌ನಿಂದ ತೆಗೆಸುತ್ತೇನೆ.

ವಾರ್ಡ್_ಸಿಸ್ಟರ್
ಕಾರ್ಖಾನೆಯವರ ನಡುವೆ ನಾನೊಬ್ಬಳು ಆಸ್ಪತ್ರೆಯವಳು, ದಾವಣಗೆರೆಯಿಂದ. ನಮ್ಮಲ್ಲಿ ಚೆಲ್ಲುವುದು ರಕ್ತ, ಮೂತ್ರ, ಔಷಧಿ. ಹಳೆಯ ಬಿಪಿ ಮೆಷಿನ್ ಒಡೆದರೆ ಪಾದರಸ.

ಪಾದರಸದ ಕಥೆ ನಿಮಗೆ ಉಪಯೋಗವಾಗಬಹುದು. ಮೊದಲೆಲ್ಲ ಬಿಪಿ ಮೆಷಿನ್ ಒಡೆದರೆ ಒಡೆದವರ ಸಂಬಳದಲ್ಲಿ ಕಟ್. ಹಾಗಾಗಿ ಒಡೆದ ತಕ್ಷಣ ಪೊರಕೆ ತಂದು ಗುಡಿಸಿ ಕಸದ ಬುಟ್ಟಿಗೆ. ಪೊರಕೆಯಿಂದ ಗುಡಿಸಿದರೆ ಪಾದರಸ ಸಣ್ಣ ಗುಂಡುಗಳಾಗಿ ಮೂಲೆಮೂಲೆಗೆ ಓಡುತ್ತದೆ, ಆವಿ ಬರುತ್ತಲೇ ಇರುತ್ತದೆ. ಗಟ್ಟಿ ರಟ್ಟಿನಿಂದ ಒಟ್ಟುಮಾಡಿ, ಸಿರಿಂಜ್‌ನಿಂದ ಎಳೆದು, ನೀರಿರುವ ಬಾಟಲಿಗೆ ಹಾಕಿ ಮುಚ್ಚಬೇಕು. ಇದು ನಮಗೆಲ್ಲ ಗೊತ್ತಿತ್ತು. ಸಂಬಳ ಕಟ್ ಆಗುವಾಗ ಯಾರಿಗೆ ನೆನಪಿರುತ್ತದೆ ಹೇಳಿ.

ಹೊಸ ಮೇಟ್ರನ್ ಬಂದರು. ಮೊದಲ ವಾರದಲ್ಲೇ ಕಟ್ ನಿಲ್ಲಿಸಿದರು. ಆ ತಿಂಗಳು ಪುಸ್ತಕದಲ್ಲಿ ಏಳು ಎಂಟ್ರಿ. ಆಡಳಿತದವರು ಗಾಬರಿಯಾಗಿ "ಏನಮ್ಮಾ, ನೀವು ಬಂದ ಮೇಲೆ ಇಷ್ಟೊಂದು ಒಡೆಯುತ್ತಿದೆಯಲ್ಲ?" ಎಂದರು. ಒಡೆಯುವುದು ಮೊದಲೂ ಅಷ್ಟೇ ಇತ್ತು ಅಂತ ಅರ್ಥ ಮಾಡಿಸುವುದರಲ್ಲಿ ಅವರಿಗೆ ಸಾಕಾಯಿತು. ಏಳರಲ್ಲಿ ಐದು ಒಂದೇ ವಾರ್ಡಿನದು. ಅಲ್ಲಿ ಬಿಪಿ ಮೆಷಿನ್ ಇಡಲು ಟೇಬಲ್ ಇರಲಿಲ್ಲ, ಹಾಸಿಗೆಯ ಅಂಚಿನಲ್ಲೇ ಇಡುತ್ತಿದ್ದರು. ಒಂದು ಟ್ರಾಲಿ ಬಂತು. ಆಮೇಲೆ ಪಾದರಸದ್ದನ್ನೇ ಬಿಟ್ಟು ಡಿಜಿಟಲ್ ತಂದರು.

ನಿಮ್ಮ ಅಂಕಿ ಮೊದಲು ಏರುತ್ತದೆ. ಅದನ್ನು ಮೇಲಿನವರಿಗೆ ಮೊದಲೇ ಹೇಳಿಡಿ ಅಣ್ಣ. ಇಲ್ಲದಿದ್ದರೆ ನಿಮ್ಮ ತಲೆಗೇ ಬರುತ್ತದೆ.

ಗ್ರೀಸ್‌ಕೈ
ಸಿಸ್ಟರ್ ಮಾತು ನೂರಕ್ಕೆ ನೂರು. ನಮ್ಮಲ್ಲಿ ಮೆಮೊ ಕೊಟ್ಟ ಸಾಹೇಬ್ರು ಇದನ್ನು ಓದಬೇಕಿತ್ತು.

ಸಣ್ಣಶೆಡ್_ಮಾಲೀಕ
ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಹನ್ನೊಂದು ಜನರ ವರ್ಕ್‌ಶಾಪ್ ನಂದು. ಇಲ್ಲಿ ಎಲ್ಲರೂ ದೊಡ್ಡ ಕಂಪನಿಯವರು ಮಾತಾಡುತ್ತಿದ್ದೀರಿ. ನನ್ನಲ್ಲಿ ಸೇಫ್ಟಿ ಆಫೀಸರೂ ನಾನೇ, ಸ್ಟೋರ್‌ಕೀಪರೂ ನಾನೇ, ಕರೆಂಟ್ ಬಿಲ್ ಕಟ್ಟುವವನೂ ನಾನೇ. ಹುಡುಗರಲ್ಲಿ ನಾಲ್ವರಿಗೆ ಕನ್ನಡ ಓದಲು ಬರುವುದಿಲ್ಲ. ಫಾರ್ಮ್ ತುಂಬು ಅಂದರೆ ಮರುದಿನ ಬರುವುದೇ ಇಲ್ಲ.

ನಾನು ಮಾಡುವುದು ಇಷ್ಟು. ಎಣ್ಣೆ ಚೆಲ್ಲಿದ ಜಾಗ ಒರೆಸಿದ ಮೇಲೆ ಪೇಂಟ್ ಮಾರ್ಕರ್‌ನಿಂದ ನೆಲದ ಮೇಲೆ ಒಂದು ಸುತ್ತು, ಒಳಗೆ ತಾರೀಖು. ಮೊದಲು ಸೀಮೆಸುಣ್ಣ ಕೊಟ್ಟಿದ್ದೆ. ಒರೆಸುವಾಗ ಅದೂ ಹೋಗುತ್ತಿತ್ತು. ಮೂರು ತಿಂಗಳಾದ ಮೇಲೆ ನೋಡಿದರೆ ಒಂದು ಲೇತ್ ಸುತ್ತ ರಂಗೋಲಿ ಹಾಕಿದ ಹಾಗೆ ಆಗಿತ್ತು! ಕೂಲೆಂಟ್ ಗಾರ್ಡ್ ಮುರಿದು ವರ್ಷವಾಗಿತ್ತು ಅಲ್ಲಿ. ತಗಡು ಹಾಕಿಸಿದೆ, ಎಂಟುನೂರು ರೂಪಾಯಿ. ಇದಕ್ಕೆ ಪುಸ್ತಕ ಯಾಕೆ?

ಆಡಿಟ್_ಬೇಸತ್ತವ
ಈ ಎಳೆಯಲ್ಲಿ ನನಗೆ ಇಷ್ಟವಾದ ಮೊದಲ ಉತ್ತರ.

ಜುಬೈಲ್_ಕುಂದಾಪ್ರ
ಎಂತ ಮಾರಾಯ್ರೇ, ಚರ್ಚೆ ಜೋರಿದೆ. ನಾನು ಸೌದಿಯ ಜುಬೈಲ್‌ನಲ್ಲಿ ಪ್ಲಾಂಟ್ ಆಪರೇಟರ್. ಇಲ್ಲಿ ನಮ್ಮ ಗುತ್ತಿಗೆದಾರ ಕಂಡ ಸೋರಿಕೆ, ಅಪಾಯ ತಿಳಿಸುವ ಕಾರ್ಡ್ ತಿಂಗಳಿಗೆ ತಲಾ ನಾಲ್ಕು ಬರೆಯಲೇಬೇಕು ಅಂದ. ಬರೆಯದಿದ್ದರೆ ಬೋನಸ್ ಇಲ್ಲ. ಏನಾಯಿತು ಗೊತ್ತಾ? ತಿಂಗಳ ಕೊನೆಯ ದಿನ ಕ್ಯಾಂಪ್‌ನಲ್ಲಿ ಕೂತು ಎಲ್ಲರೂ ಕಾರ್ಡ್ ಬರೆಯುತ್ತೇವೆ. 'ಶೌಚಾಲಯದ ಹತ್ತಿರ ನೀರು ಬಿದ್ದಿತ್ತು, ಒರೆಸಿದೆ.' ಒಂದೇ ನೀರಿಗೆ ಹನ್ನೆರಡು ಕಾರ್ಡ್. ನಿಜವಾಗಿ ಪಂಪ್ ಗ್ಲ್ಯಾಂಡ್ (ಶಾಫ್ಟ್ ಸುತ್ತ ಸೋರಿಕೆ ತಡೆಯುವ ಭಾಗ) ತೊಟ್ಟಿಕ್ಕುವುದನ್ನು ಯಾರೂ ಬರೆಯುವುದಿಲ್ಲ, ಬರೆದರೆ ನಾಲ್ಕು ಪ್ರಶ್ನೆ. ಕೋಟಾ ಮಾತ್ರ ಇಡಬೇಡಿ.

ನಿವೃತ್ತ_ಸೇಫ್ಟಿ
ಕುಂದಾಪ್ರದವರು ಸರಿಯಾಗಿ ಹೇಳಿದರು. ಶೆಡ್ ಮಾಲೀಕರ ಸುತ್ತೂ ಬಹಳ ಚೆನ್ನಾಗಿದೆ. ಆದರೆ ಒಂದು ಕೊರತೆ. ಸುತ್ತು ಜಾಗ ಹೇಳುತ್ತದೆ, ಹೊತ್ತು ಹೇಳುವುದಿಲ್ಲ. ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ. ಊಟಕ್ಕೆ ಮುಂಚೆಯೋ, ಶಿಫ್ಟ್ ಬದಲಾಗುವಾಗಲೋ ಎನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಎಷ್ಟು ಚೆಲ್ಲಿತು ಎಂದು ಕೇಳಿದರೆ ಎಲ್ಲರೂ 'ಸ್ವಲ್ಪ' ಎನ್ನುತ್ತಾರೆ. ಒಂದು ಸುಲಭದ ಲೆಕ್ಕ ಇದೆ. ಉದ್ದ ಅಗಲ ಒಂದೊಂದು ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪ ನಿಂತರೆ ಸರಿಯಾಗಿ ಒಂದು ಲೀಟರ್. ಕಣ್ಣಳತೆಗೆ ಸಾಕು. ಒರೆಸುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೊ, ಪಕ್ಕದಲ್ಲಿ ನಿಮ್ಮ ಶೂ ಕಾಣುವ ಹಾಗೆ. ಅಳತೆ ಆಮೇಲೆ ನೋಡಿಕೊಳ್ಳಬಹುದು. ಆದರೆ ಆಸಿಡ್ ಚೆಲ್ಲಿದಾಗ ಫೋಟೊ ತೆಗೆಯುತ್ತ ನಿಲ್ಲಬೇಡಿ. ಜನ ಮೊದಲು ದೂರ ಹೋಗಲಿ.

ಆಮೇಲೆ ಆ 'ಅಜಾಗರೂಕತೆ' ಪದವನ್ನು ಕಾಲಂನಿಂದಲೇ ತೆಗೆಸಿ. ಅದನ್ನು ಬರೆದ ತಕ್ಷಣ ಹುಡುಕುವುದು ನಿಂತುಹೋಗುತ್ತದೆ. ಟೊಯೋಟದವರು ಐದು ಸಲ ಯಾಕೆ ಎಂದು ಕೇಳಿ ಎನ್ನುತ್ತಾರೆ. ನನಗೆ ಐದರ ಲೆಕ್ಕ ಮುಖ್ಯವಲ್ಲ. ಉತ್ತರ ಒಬ್ಬ ಮನುಷ್ಯನ ಹೆಸರಾದರೆ ಇನ್ನೊಂದು ಸಲ ಕೇಳಿ.

ಹಾಂ, ಎಣ್ಣೆ ಹೀರಿದ ಹೊಟ್ಟನ್ನು ಎಲ್ಲಿ ಹಾಕುತ್ತಿದ್ದೀರಿ? ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುತ್ತದೆ. ಹಿಂದುಗಡೆ ಸುಡುವಂತಿಲ್ಲ.

ಬಿ_ಶಿಫ್ಟ್_ಪೀಣ್ಯ
ಆ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿ ಬರೆಯಲ್ಲ ಸರ್ 🙂 ಸರಿಮಾಡಿಸುತ್ತಿದ್ದೇನೆ.

ಬಿ_ಶಿಫ್ಟ್_ಪೀಣ್ಯ (ಆರು ವಾರದ ನಂತರ)
ಕೆಲವರು ಮೆಸೇಜ್ ಮಾಡಿ ಏನಾಯಿತು ಎಂದು ಕೇಳಿದ್ದೀರಿ. ಅದಕ್ಕೆ ಬರೆಯುತ್ತಿದ್ದೇನೆ.

ಹಸಿರು ಪುಸ್ತಕವನ್ನು ಆಫೀಸಿನಲ್ಲೇ ಬಿಟ್ಟೆ. ಪ್ರೆಸ್ ಲೈನ್ ಕಂಬಕ್ಕೆ ಒಂದು ಪ್ಯಾಡ್ ಕಟ್ಟಿದೆ. ಮೂರೇ ಕಾಲಂ: ಎಲ್ಲಿ, ಎಷ್ಟು ಗಂಟೆಗೆ, ಆಗ ಏನು ಕೆಲಸ ನಡೆಯುತ್ತಿತ್ತು. ಬರೆಯಲು ಬಾರದವರು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹಾಕಿ ಮಾತಾಡಿದರೆ ಸಾಕು, ನಾನೇ ಬರೆದುಕೊಳ್ಳುತ್ತೇನೆ. ಹಿಂದಿ, ಕನ್ನಡ, ಯಾವುದಾದರೂ ಸರಿ. ಮ್ಯಾನೇಜರ್ ಹತ್ತಿರ ಹೋಗಿ ಹೊಟ್ಟಿನ ಸ್ಲಿಪ್, ಎಣ್ಣೆ ಟಾಪ್‌ಅಪ್ ಎರಡನ್ನೂ ಮುಂದಿಟ್ಟು, ಅಂಕಿ ಏರುತ್ತದೆ ಎಂದು ಮೊದಲೇ ಹೇಳಿದೆ. ಮುಖ ಗಂಟಿಕ್ಕಿದರು, ಆದರೆ ಬೇಡ ಎನ್ನಲಿಲ್ಲ.

ಮೊದಲ ವಾರ ಒಂದೂ ಬರಲಿಲ್ಲ. ಎರಡನೇ ವಾರ ಮೊದಲ ಫೋಟೊ ಹಾಕಿದ್ದು ಹೌಸ್‌ಕೀಪಿಂಗ್ ಅಕ್ಕ. ಅವರನ್ನು ನಾನು ಗ್ರೂಪ್‌ಗೆ ಸೇರಿಸಿರಲೇ ಇಲ್ಲ. ಬೇರೆ ಯಾರ ಮೂಲಕವೋ ಮಗನ ಫೋನಿನಿಂದ ಸೇರಿಕೊಂಡಿದ್ದರು. ಒರೆಸುವವರು ಅವರೇ ಅಲ್ವಾ, ಅವರಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿಲ್ಲ. "ಸಾರ್, ಸಾಯಂಕಾಲ ಸ್ಟೋರ್ ಬಾಗಿಲಿಂದ ಪ್ರೆಸ್‌ವರೆಗೆ ದಿನಾ ಒರೆಸ್ತೀನಿ, ಅದನ್ನ ಬರೀಬೇಕಾ?" ಎಂದು ಕೇಳಿದರು.

ಅಲ್ಲಿಂದ ಬಾಗಿಲು ತೆರೆಯಿತು. ಐದು ವಾರಕ್ಕೆ ಒಟ್ಟು 23 ಎಂಟ್ರಿ. ಅದರಲ್ಲಿ 11 ಸ್ಟೋರ್‌ನಿಂದ ಪ್ರೆಸ್‌ಗೆ ಹೋಗುವ ದಾರಿಯಲ್ಲಿ. ಆ 11ರಲ್ಲಿ 9 ಸಂಜೆ ನಾಲ್ಕೂವರೆಯಿಂದ ಐದೂವರೆ ಒಳಗೆ. ನಾನು ಪ್ರೆಸ್‌ನ ಎಣ್ಣೆ ತಡೆಯುವ ಸೀಲ್ ಮಾತ್ರ ಕಾರಣ ಅಂದುಕೊಂಡಿದ್ದೆ. ಆ ಹೊತ್ತಿಗೆ ಹೋಗಿ ನಿಂತು ನೋಡಿದೆ. ಸ್ಟೋರ್ ಐದೂವರೆಗೆ ಮುಚ್ಚುತ್ತದೆ. ನಮ್ಮ ಶಿಫ್ಟ್ ಹತ್ತಕ್ಕೆ ಮುಗಿಯುತ್ತದೆ. ರಾತ್ರಿಗೆ ಬೇಕಾಗುವ ಎಣ್ಣೆಯನ್ನೆಲ್ಲ ಹುಡುಗರು ಮೊದಲೇ ತಂದಿಟ್ಟುಕೊಳ್ಳುತ್ತಾರೆ. ಮುಚ್ಚಳವಿಲ್ಲದ ಬಕೆಟ್‌ನಲ್ಲಿ, ತುಂಬ ತುಂಬಿಸಿಕೊಂಡು, ಓಡಿಕೊಂಡು. ಕೈ ಮುರಿದುಕೊಂಡ ಹುಡುಗ ಬಿದ್ದದ್ದು ಐದಕ್ಕೆ ಹತ್ತು ನಿಮಿಷ ಇರುವಾಗ.

ಸ್ಟೋರ್ ಸಮಯ ಬದಲಿಸಿ ಅಂದೆ. ಆಗುವುದಿಲ್ಲ ಅಂದರು, ಓವರ್‌ಟೈಮ್ ಕೊಡಬೇಕಲ್ಲ. ಕೊನೆಗೆ ಮುಚ್ಚಳ, ನಲ್ಲಿ ಎರಡೂ ಇರುವ ಎರಡು ಕ್ಯಾನ್, ಒಂದು ಕೈಗಾಡಿ ಕೊಟ್ಟರು. ಹೊಟ್ಟು ಈ ತಿಂಗಳು ಆರರಿಂದ ನಾಲ್ಕು ಮೂಟೆಗೆ ಇಳಿದಿದೆ. ಪ್ಲೇಟಿಂಗ್‌ನಲ್ಲಿ ಈಗ ಮರಳಿನ ಬಕೆಟ್ ಇದೆ. ಆಸಿಡ್ ಲೈನ್‌ದು ಎರಡು ಎಂಟ್ರಿ, ಎರಡೂ ಒಂದೇ ವಾಲ್ವ್. ಅದನ್ನು ಭಾನುವಾರ ಬದಲಿಸುತ್ತಿದ್ದಾರೆ.

'ಅಜಾಗರೂಕತೆ' ಮಾತ್ರ ಅಪಘಾತದ ಪುಸ್ತಕದಲ್ಲಿ ಹಾಗೇ ಇದೆ. ತಿದ್ದಲು ಯಾರೂ ಒಪ್ಪಲಿಲ್ಲ.

ವಾರ್ಡ್_ಸಿಸ್ಟರ್
ತುಂಬಾ ಖುಷಿಯಾಯಿತು ಅಣ್ಣ. ಬರೆದವರಿಗೆ ಏನಾಯಿತು ಅಂತ ತಿಳಿಸಿದಿರಾ? ನಮ್ಮಲ್ಲಿ ಅದನ್ನು ಮರೆತು, ಎರಡು ತಿಂಗಳಾದ ಮೇಲೆ ಮತ್ತೆ ಖಾಲಿ ಆಗಿತ್ತು.

ಬಿ_ಶಿಫ್ಟ್_ಪೀಣ್ಯ
ಕೈಗಾಡಿ ಬಂದ ದಿನ ಅಕ್ಕನನ್ನೇ ಕರೆದು ತೋರಿಸಿದೆ ಮೇಡಂ. "ಇದೊಂದು ಹೋದ ವರ್ಷವೇ ಬರಬೇಕಿತ್ತು" ಅಂದರು.

ಗ್ರೀಸ್‌ಕೈ
ಮೂರನೇ ಪ್ರೆಸ್ ಸೀಲ್ ಕಿಟ್ ಬಂತಾ?

ಬಿ_ಶಿಫ್ಟ್_ಪೀಣ್ಯ
ಇಲ್ಲ. ಪರ್ಚೇಸ್‌ನಲ್ಲಿ ಕೂತಿದೆ. ನಿನ್ನೆ ಅದರದು ಏಳನೇ ಎಂಟ್ರಿ, ರಾತ್ರಿ 8:20, ಎರಡು ಲೀಟರ್ ಹತ್ತಿರ.